ಹೊಲವಿಲ್ಲದವನ ವಂಶವೃಕ್ಷ

ಓದುಗ ಗೆಳತಿಗೆ,

ಅರಸರಿಗೆ ಶಾಸನಗಳಿವೆ, ಜಮೀನ್ದಾರರಿಗೆ ಕಾಗದಪತ್ರಗಳಿವೆ. ಇನ್ನೊಬ್ಬರ ಹೊಲದಲ್ಲಿ ದುಡಿದು ಸತ್ತವನ ಚರಿತ್ರೆಯನ್ನು ಎಲ್ಲಿ ಹುಡುಕುವುದು ಎಂದು ಕೇಳಿದ್ದೀರಿ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಫ್ರೆಂಚ್ ಕೂಲಿಕಾರರ ಕತೆಯಲ್ಲಿ ಇದಕ್ಕೊಂದು ಉತ್ತರವಿದೆ. ಅವರಲ್ಲಿ ಎಷ್ಟೋ ಜನರಿಗೆ ಅಕ್ಷರ ಗೊತ್ತಿರಲಿಲ್ಲ. ಆದರೂ ಅವರ ವಂಶವನ್ನು ಹದಿನೇಳನೇ ಶತಮಾನದವರೆಗೆ ಗುರುತಿಸಬಹುದು.

ಇದು ಊರಿನ ಕ್ಯಾಥೊಲಿಕ್ ಪಾದ್ರಿಗಳ ಕೆಲಸದ ಫಲ. ಮಗುವಿನ ಜ್ಞಾನಸ್ನಾನ, ಮದುವೆ, ಮಣ್ಣು, ಮೂರನ್ನೂ ಅವರು ಬರೆದಿಡುತ್ತಿದ್ದರು. 1679ರಿಂದ ಇದರ ಎರಡು ಪ್ರತಿಗಳಾದವು: ಒಂದು ಚರ್ಚಿನಲ್ಲಿ, ಇನ್ನೊಂದು ನ್ಯಾಯಾಲಯದಲ್ಲಿ. ಒಂದು ಬೆಂಕಿಗೆ ಸಿಕ್ಕರೂ ಇನ್ನೊಂದು ಉಳಿಯುತ್ತಿತ್ತು. ಮದುವೆಯ ದಾಖಲೆಯಲ್ಲಿ ಸಾಮಾನ್ಯವಾಗಿ ವಧೂವರರಿಬ್ಬರ ತಂದೆತಾಯಿಯರ ಹೆಸರೂ ಇರುತ್ತದೆ. ಹೆಣ್ಣುಮಕ್ಕಳು ಜೀವನಪೂರ್ತಿ ತವರಿನ ಹೆಸರಿನಲ್ಲೇ ದಾಖಲಾಗುತ್ತಾರೆ. ಹೀಗೆ ಒಂದು ಮದುವೆಯಿಂದ ಹಿಂದಿನ ಮದುವೆಗೆ ದಾರಿ ಸಿಗುತ್ತದೆ.

ಆ ದಾರಿ ಹಲವು ಸಲ ಸೇಂಟ್ ಲಾರೆನ್ಸ್ ನದಿಯ ದಡದಲ್ಲಿ ಭೂಮಿ ಹಿಡಿದವನ ಬಳಿಗೆ ಹೋಗುತ್ತದೆ. ಅವನು ಮೂರು ವರ್ಷದ ಕರಾರಿನ ಮೇಲೆ ದುಡಿಯಲು ಬಂದವನಿರಬಹುದು, ಇಲ್ಲವೇ 1665ರಲ್ಲಿ ಬಂದಿಳಿದ ಕ್ಯಾರಿನ್ಯಾನ್-ಸಲಿಯೇರ್ ರೆಜಿಮೆಂಟಿನ ಸೈನಿಕ. 1663ರಿಂದ 1673ರವರೆಗೆ ಫ್ರಾನ್ಸಿನ ದೊರೆ ತನ್ನ ಖರ್ಚಿನಲ್ಲಿ ಸುಮಾರು 770 ಹೆಣ್ಣುಮಕ್ಕಳನ್ನು ಕಳಿಸಿದ್ದ, ಅವನ ಹೆಂಡತಿ ಅವರಲ್ಲೊಬ್ಬಳಾಗಿರಬಹುದು. ಅಡ್ಡಹೆಸರೇ ಮನೆತನದ ಹೆಸರಾದದ್ದೂ ಉಂಟು. ಅಣ್ಣ ಒಂದು ಹೆಸರಿನಲ್ಲಿ, ತಮ್ಮ ಇನ್ನೊಂದರಲ್ಲಿ ಸಿಕ್ಕರೆ ಗಾಬರಿಯಾಗಬೇಡಿ.

ಭೂಮಿ ಇದ್ದವನ ಮರಿಮಕ್ಕಳು ಕೂಲಿಗೆ ಹೋದದ್ದೇಕೆ? 1760ರ ಹೊತ್ತಿಗೆ ಅಲ್ಲಿ ಸುಮಾರು 70,000 ಜನರಿದ್ದರು. 1871ರ ಜನಗಣತಿಯಲ್ಲಿ ಕ್ವಿಬೆಕ್‌ನ ಜನಸಂಖ್ಯೆ ಹನ್ನೆರಡು ಲಕ್ಷದ ಹತ್ತಿರ. ನದಿಯಿಂದ ಒಳಕ್ಕೆ ಚಾಚಿದ ಉದ್ದನೆಯ ಪಟ್ಟಿಗಳಂಥ ಹೊಲಗಳನ್ನು ಇನ್ನೆಷ್ಟು ಸೀಳಲು ಸಾಧ್ಯ? ಒಬ್ಬ ಮಗ ಮನೆಭೂಮಿ ನೋಡಿಕೊಂಡ. ಉಳಿದವರಲ್ಲಿ ಕೆಲವರು ಕಾಡು ಕಡಿದು ಹೊಸ ಹೊಲ ಮಾಡಿದರು, ಕೆಲವರು ದಿನಗೂಲಿಗೆ ಇಳಿದರು. 1840ರಿಂದ 1930ರವರೆಗೆ ಸುಮಾರು ಒಂಬತ್ತು ಲಕ್ಷ ಜನ ಅಮೆರಿಕಕ್ಕೆ ಹೋದರು. ಲೋವೆಲ್, ಮ್ಯಾಂಚೆಸ್ಟರ್, ವೂನ್‌ಸಾಕೆಟ್‌ಗಳ ಬಟ್ಟೆ ಗಿರಣಿಗಳಲ್ಲಿ ಮಕ್ಕಳೂ ದುಡಿದರು.

ನನಗೆ ಮುಖ್ಯವೆನಿಸುವುದು ಇಷ್ಟು: ರೈತನ ಮಕ್ಕಳ ಜ್ಞಾನಸ್ನಾನವೆಲ್ಲ ಸಾಮಾನ್ಯವಾಗಿ ಒಂದೇ ಚರ್ಚಿನ ಪುಸ್ತಕದಲ್ಲಿರುತ್ತದೆ. ಕೂಲಿಕಾರನ ಮೊದಲ ಮಗು ಒಂದೂರಿನಲ್ಲಿ, ಎರಡನೆಯದು ಪಕ್ಕದ ಊರಿನಲ್ಲಿ, ನಾಲ್ಕನೆಯದು ಗಡಿಯಾಚೆಗಿನ ಗಿರಣಿಯೂರಿನಲ್ಲಿ ಸಿಗಬಹುದು. ಆ ದಿನಾಂಕಗಳನ್ನು ಸಾಲಾಗಿ ಇಟ್ಟರೆ ಅವನು ಕೂಲಿ ಹುಡುಕಿಕೊಂಡು ನಡೆದ ದಾರಿ ಕಾಣುತ್ತದೆ. ಎಷ್ಟೋ ಸಲ ತೀರಿಕೊಂಡ ಕೂಸಿನ ಹೆಸರನ್ನೇ ಮುಂದಿನ ಮಗುವಿಗೆ ಇಟ್ಟಿರುತ್ತಾರೆ. ಆ ಮನೆಯ ದುಃಖವೂ ಅಲ್ಲೇ ಇದೆ. ಜ್ಞಾನಪಿತ, ಜ್ಞಾನಮಾತೆಯಾಗಿ ನಿಂತವರ ಹೆಸರು ನೋಡಿದರೆ, ಹೊಸ ಊರಿನಲ್ಲಿ ಅವರ ಜೊತೆಗಿದ್ದವರು ಯಾರೆಂದು ತಿಳಿಯುತ್ತದೆ.

ಆದ್ದರಿಂದ ಗೆಳತಿ, ಇಂಥ ಹುಡುಕಾಟಕ್ಕೆ ಕೂತಾಗ ಮೇಲಿನ ತಲೆಮಾರಿಗೆ ಓಡುವ ಅವಸರ ಬೇಡ. ಒಂದೇ ಸಂಸಾರದ ಎಲ್ಲ ಮಕ್ಕಳನ್ನೂ, ಬದುಕದೇ ಹೋದವರನ್ನೂ ಸೇರಿಸಿ, ಮೊದಲು ಹುಡುಕಿ. ಬಡವನ ಚರಿತ್ರೆ ಅವನ ಪೂರ್ವಜರಲ್ಲಿ ಇರುವಷ್ಟೇ ಅವನ ಮಕ್ಕಳು ಹುಟ್ಟಿದ ಊರುಗಳಲ್ಲೂ ಇದೆ.

ಪ್ರೀತಿಯಿಂದ,
ನಿಮ್ಮ ಗೆಳೆಯ