ಹೊಟ್ಟೆಯುಬ್ಬಿದ ಯಂತ್ರ

ಮಲಪ್ರಭೆಯ ದಂಡೆಯ ಜನರಿಗೆ ಕೂಡಿಡುವುದರ ಮಹತ್ವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸವದತ್ತಿಯ ಬಳಿಯ ನವಿಲುತೀರ್ಥದ ಅಣೆಕಟ್ಟು ಮಳೆಗಾಲದ ಹುಚ್ಚು ನೀರನ್ನು ತಡೆದಿಟ್ಟು ಬೇಸಗೆಯಲ್ಲಿ ಹದವರಿತು ಬಿಡುತ್ತದೆ. ನೀರು ಕಟ್ಟೆಯ ಅಳವನ್ನು ಮೀರಿದರೆ ಏನಾದೀತೆಂಬುದನ್ನು ರಾಮದುರ್ಗ ತಾಲೂಕು 2019ರ ಆಗಸ್ಟಿನಲ್ಲಿ ಕಂಡುಂಡಿದೆ. ಗಣಕಯಂತ್ರದ ಒಡಲಿನಲ್ಲಿಯೂ ಇಂತಹ ಪುಟ್ಟ ಕಟ್ಟೆಗಳು ಹತ್ತಾರು ಇವೆಯೆಂದರೆ ವಾಚಕರು ನಗಬಾರದು. ಅವುಗಳ ಹೆಸರು ಕೆಪಾಸಿಟರ್.

ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದ ನನ್ನ ತಂದೆಯವರು ಬೈಲಹೊಂಗಲ, ಕಿತ್ತೂರು ಸೀಮೆಯ ಹಳ್ಳಿಗಳನ್ನು ಸುತ್ತಿ, ಚೆನ್ನಮ್ಮ ರಾಯಣ್ಣರ ಮೇಲಿನ ಲಾವಣಿಗಳನ್ನು ಮುದುಕರ ಬಾಯಿಂದ ಕೇಳಿ ಬರೆದುಕೊಂಡು, 2004ರಲ್ಲಿ ಕೊಂಡ ಯಂತ್ರದಲ್ಲಿ ಒಂದೊಂದಾಗಿ ಬೆರಳಚ್ಚು ಮಾಡಿಟ್ಟಿದ್ದರು. ಈಗ ಹಾಡಿದವರೂ ಇಲ್ಲ, ಬರೆದವರೂ ಇಲ್ಲ; ಉಳಿದುದು ಆ ಪೆಟ್ಟಿಗೆಯೊಂದೇ. ಕಳೆದ ವರ್ಷ ಅದೂ ಮೊಂಡಾಟಕ್ಕೆ ತೊಡಗಿತು. ಹತ್ತು ನಿಮಿಷ ನಡೆದು ಸ್ತಬ್ಧವಾಗುವುದು. ತಾನೇ ಆರಿ, ತಾನೇ ಹೊತ್ತಿಕೊಳ್ಳುವುದು. ಅಂಗಡಿಯೊಂದರಲ್ಲಿ ‘ಗುಜರಿಗೆ ಹಾಕಿ, ಹೊಸದು ಕೊಳ್ಳಿರಿ’ ಎಂದರು. ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿದಾಗ ಕಡತಗಳೇನೋ ಸಿಕ್ಕವು. ಆದರೆ ಹಳೆಯ ಲಿಪಿ ತಂತ್ರಾಂಶದ ಬೀಗವು ಹಳೆಯ ಯಂತ್ರದ ಬೆನ್ನಿನಲ್ಲಿ, ಇಂದಿನ ಯಂತ್ರಗಳಲ್ಲಿಲ್ಲದ ಕಿಂಡಿಯಲ್ಲಿ ಕುಳಿತಿತ್ತು. ಅದಿಲ್ಲದೆ ಲಾವಣಿಗಳು ಯಾವ ಶಾಸನತಜ್ಞನೂ ಓದಲಾರದ ಚಿಹ್ನೆಗಳಾಗಿ ತೆರೆಯ ಮೇಲೆ ಮೂಡಿದವು.

ಸವದತ್ತಿಯಲ್ಲಿ ರೇಡಿಯೋ ದುರಸ್ತಿ ಮಾಡುತ್ತಲೇ ತಲೆ ನರೆತ ಹಿರಿಯರೊಬ್ಬರು ಮುಚ್ಚಳ ತೆಗೆದು, ಮದರ್‌ಬೋರ್ಡಿಗೆ ಬೆಳಕು ಹಿಡಿದು, “ಸರ, ಇಲ್ಲಿ ನೋಡ್ರಿ, ಇವಕ್ಕ ಹೊಟ್ಟಿ ಉಬ್ಬೇತಿ” ಎಂದರು. ಪ್ರೊಸೆಸರಿನ ಪಕ್ಕದ ಐದು ಡಬ್ಬಿಗಳ ನೆತ್ತಿ ಉಬ್ಬಿತ್ತು. ಒಂದರಿಂದ ಕಂದು ದ್ರವ ಒಸರಿ ಒಣಗಿತ್ತು. 12 ವೋಲ್ಟನ್ನು ಒಂದೂವರೆ ವೋಲ್ಟಿನ ಆಸುಪಾಸಿಗೆ ಇಳಿಸಿ ಪ್ರೊಸೆಸರಿಗೆ ಉಣಿಸುವಾಗ ಏಳುವ ತೆರೆಗಳನ್ನು ಶಮನಗೊಳಿಸುವುದು ಈ ಡಬ್ಬಿಗಳ ಕೆಲಸ. ಒಳಗಿನ ದ್ರವ ಕೆಟ್ಟು ಅನಿಲ ಹುಟ್ಟಿತೆಂದರೆ ಅವುಗಳ ಕಸುವು ಕುಂದುತ್ತದೆ, ಯಂತ್ರ ತಡವರಿಸುತ್ತದೆ. 1999ರಿಂದ 2007ರ ಸುಮಾರಿನವರೆಗೆ ಲೋಕದ ಅಸಂಖ್ಯ ಯಂತ್ರಗಳನ್ನು ಕಾಡಿದ ಈ ಬೇನೆಗೆ ಪ್ಲೇಗು ಎಂದೇ ಹೆಸರು ಬಿದ್ದಿತ್ತು. ನಮ್ಮ ಮುತ್ತಜ್ಜಂದಿರು ಪ್ಲೇಗಿಗೆ ಅಂಜಿ ಊರನ್ನೇ ತೊರೆದು ಹೊಲದ ಗುಡಿಸಲು ಸೇರುತ್ತಿದ್ದರು. ಇಲ್ಲಿ ಊರು ಬಿಡಬೇಕಾದವು ಐದು ಡಬ್ಬಿಗಳು ಮಾತ್ರ.

ಹಿರಿಯರು ಅವನ್ನು ಕಾಯಿಸಿ ಬಿಡಿಸಿದರು. ಅಷ್ಟೇ ಮೈಕ್ರೋಫ್ಯಾರಡ್‌ನ, ವೋಲ್ಟಿನಲ್ಲಿ ಕಡಿಮೆಯಿಲ್ಲದ, ಒಳರೋಧ ಅಲ್ಪವಾಗಿರುವ, 105 ಡಿಗ್ರಿ ಕಾವು ತಾಳುವ ಹೊಸವನ್ನು ಆರಿಸಿ, ಪಟ್ಟಿಯಿರುವ ಕಡೆಯ ಋಣ ಕಾಲನ್ನು ಋಣದ ರಂಧ್ರಕ್ಕೇ ಇಳಿಸಿ ಬೆಸುಗೆ ಹಾಕಿದರು. “ಕಾಲು ಅದಲುಬದಲಾದ್ರ ಸಿಡಿತೈತ್ರಿ” ಎಂದು ಎಚ್ಚರಿಸಿದರು. ಸಾಮಾನಿನ ಬೆಲೆ ನೂರು ರೂಪಾಯಿ ದಾಟಲಿಲ್ಲ.

ಯಂತ್ರ ಮೂರು ತಾಸು ಅಲುಗದೆ ನಡೆಯಿತು. ಪ್ರತಿ ಲಾವಣಿಯ ಕೆಳಗೂ ತಂದೆಯವರು ಹಾಡಿದವರ ಹೆಸರು, ಊರು, ವಯಸ್ಸು ನಮೂದಿಸಿದ್ದರು. ಎಲ್ಲವನ್ನೂ ಮುದ್ರಿಸಿಕೊಂಡು ಈಗ ಯುನಿಕೋಡಿಗೆ ಬದಲಿಸುತ್ತಿದ್ದೇನೆ. ಹೊಸ ಡಬ್ಬಿಗಳಿಗೂ ಆಯುಷ್ಯದ ಮಿತಿಯುಂಟು. ಅವೂ ಒಂದು ದಿನ ಉಬ್ಬಿಯಾವು. ಅಷ್ಟರೊಳಗೆ ಲಾವಣಿಗಳು ಹೊಸ ಲಿಪಿಗೆ, ಸಾಧ್ಯವಾದರೆ ಹೊಸ ಕಂಠಗಳಿಗೆ ದಾಟಿರಬೇಕು.