ಉಪವಾಸಕ್ಕ ನಡೀತದ

ಸ್ವಾರಗೇಟಿನಿಂದ ಕಾತ್ರಜ ಕಡೆಗೆ ಸಾತಾರಾ ರಸ್ತೆ ಹಿಡಿದು ಹೊರಟರೆ ಬಲಗಡೆಗೆ ಧನಕವಡಿ. ಪುಣೆಯಲ್ಲಿ ಯಾರನ್ನು ಕೇಳಿದರೂ ಶಂಕರ ಮಹಾರಾಜರ ಸಮಾಧಿ ಮಠ ಇರುವ ಜಾಗ ಎಂದು ಗುರುತು ಹೇಳುತ್ತಾರೆ. ಗುರುವಾರ ಮಠದ ಎದುರು ಜನಜಂಗುಳಿ. ಉಳಿದ ದಿನ ಕಾಲೇಜಿನ ಹುಡುಗ ಹುಡುಗಿಯರು, ಬಾಡಿಗೆ ಕೋಣೆಗಳು, ಮೆಸ್ಸುಗಳು, ಬೆಳಗಿನ ಪೋಹೆ ಚಹಾದ ಗಾಡಿಗಳು. ತಿಂಗಳಿಗೆ ಎರಡು ಸಲ, ಏಕಾದಶಿಯ ದಿನ, ಇಲ್ಲಿಯ ತಿಂಡಿಯ ಅಂಗಡಿಗಳ ಮುಖ ಸ್ವಲ್ಪ ಬದಲಾಗುತ್ತದೆ. ಪೋಹೆಯ ಬಾಣಲೆಯ ಪಕ್ಕದಲ್ಲಿ ಇನ್ನೊಂದು ಬಾಣಲೆ ಬಂದು ಕೂರುತ್ತದೆ. ಸಾಬೂದಾಣಿ ಖಿಚಡಿ, ಸಾಬೂದಾಣಿ ವಡೆ, ಗೆಣಸಿನ ಕೀಸ್, ರಾಜಗಿರಿ ಲಾಡು, ಬಟಾಟೆ ಚಿವಡಾ, ಇವೆಲ್ಲ ಸಾಲದೆಂಬಂತೆ ಉಪವಾಸದ ಮಿಸಳ. ಯಾವುದರ ಬಗ್ಗೆ ಅನುಮಾನ ಬಂದರೂ ಅಂಗಡಿಯವನ ಉತ್ತರ ಒಂದೇ: ‘ಉಪವಾಸಾಲಾ ಚಾಲತಂ.’ ಉಪವಾಸಕ್ಕೆ ನಡೆಯುತ್ತದೆ. ಇದನ್ನು ನೋಡಿ ಮರಾಠಿಯವರೇ ನಕ್ಕು ಒಂದು ಗಾದೆ ಕಟ್ಟಿಕೊಂಡಿದ್ದಾರೆ: ‘ಏಕಾದಶಿ, ದುಪ್ಪಟ ಖಾಶಿ.’ ಏಕಾದಶಿ ಬಂತು, ಎರಡರಷ್ಟು ತಿನ್ನು.

ಆ ಗಾದೆ ಚುರುಕು ಮುಟ್ಟಿಸಿದವರಲ್ಲಿ ವಿಜಯಪುರದ ಕಡೆಯಿಂದ ಬಂದು ಧನಕವಡಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ನೆಲೆಸಿರುವ ಒಬ್ಬರೂ ಇದ್ದಾರೆ. ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಿಂದ ನಿವೃತ್ತರು, ಅರವತ್ತೆರಡು ವಯಸ್ಸು. ಮಾಧ್ವರ ಮನೆಯಲ್ಲಿ ಬೆಳೆದವರು. ಅವರ ಅವ್ವನ ಏಕಾದಶಿಯಲ್ಲಿ ಚರ್ಚೆಗೆ ಜಾಗವೇ ಇರಲಿಲ್ಲ. ದಶಮಿಯ ದಿನ ಒಪ್ಪತ್ತು, ರಾತ್ರಿ ಊಟವಿಲ್ಲ. ಏಕಾದಶಿಗೆ ಹನಿ ನೀರೂ ಇಲ್ಲ. ಮಕ್ಕಳಿಗೆ ಹಚ್ಚಿದ ಅವಲಕ್ಕಿ ಕೊಟ್ಟು ಅಡುಗೆಮನೆಯ ಬಾಗಿಲು ಎಳೆದುಬಿಟ್ಟರೆ ಮುಗಿಯಿತು. ದ್ವಾದಶಿಯ ನಸುಕಿಗೆ ಎದ್ದು, ಸ್ನಾನ ಪೂಜೆ ಮುಗಿಸಿ, ಅಗಸೆ ಸೊಪ್ಪಿನ ಪಲ್ಯದ ಜೊತೆ ಪಾರಣೆ. ಎಂಟು ಗಂಟೆಯೊಳಗೆ ಊಟವಾಗಿ ಊರಿನವರೆಲ್ಲ ಹಲ್ಲುಜ್ಜುವ ಹೊತ್ತಿಗೆ ಅವ್ವ ಎಲೆಯಡಿಕೆ ಮಡಿಚುತ್ತಿದ್ದಳು.

ಇಂಥ ಮನೆಯಿಂದ ಬಂದವರಿಗೆ ಪುಣೆಯ ಉಪವಾಸ ಮೊದಮೊದಲು ತಮಾಷೆಯಾಗಿ ಕಂಡಿತು. ಪಕ್ಕದ ಮನೆಯ ಕಾಕು ಏಕಾದಶಿಗೆ ಬಟಾಟೆ ತಿನ್ನುತ್ತಾರೆ, ಅವಲಕ್ಕಿ ಮುಟ್ಟುವುದಿಲ್ಲ. ಅವಲಕ್ಕಿ ಅಕ್ಕಿಯಿಂದ ಆದದ್ದಲ್ಲವೇ, ಧಾನ್ಯ! ಇತ್ತ ಕರ್ನಾಟಕದ ಎಷ್ಟೋ ಮನೆಗಳಲ್ಲಿ ‘ಇವತ್ತು ಫಲಾಹಾರ’ ಎಂದರೆ ಅನ್ನ ಮಾಡುವುದಿಲ್ಲ, ಮುಸುರೆ ಇಲ್ಲ, ಅಷ್ಟೇ ಅರ್ಥ. ಫಲ ಎಂಬ ಹೆಸರಿನಲ್ಲಿ ತಟ್ಟೆಗೆ ಬರುವುದು ಉಪ್ಪಿಟ್ಟು, ಅವಲಕ್ಕಿ, ಕೆಲವು ಕಡೆ ದೋಸೆ ಕೂಡ. ಇದನ್ನು ಕೇಳಿ ಕಾಕು ಬಾಯಿಯ ಮೇಲೆ ಕೈ ಇಟ್ಟುಕೊಂಡರು. ರವೆ ತಿಂದು ಉಪವಾಸವೇ? ಇವರು ಕೇಳಿದರು, ಬಟಾಟೆ ವಡೆ ತಿಂದು ಉಪವಾಸವೇ? ಒಂದೊಂದು ಸೀಮೆಯವರು ಬೇಲಿ ಹಾಕಿದ ಜಾಗ ಬೇರೆ, ಬೇಲಿಯಲ್ಲಿ ಬಿಟ್ಟುಕೊಂಡ ಕಂಡಿ ಬೇರೆ.

ಸಾಬೂದಾಣಿ ಖಿಚಡಿಯ ಬಾಣಲೆಯೊಳಗೆ ಒಮ್ಮೆ ಇಣುಕಿದರೆ ಆ ಕಂಡಿಯ ಚರಿತ್ರೆ ಕಾಣುತ್ತದೆ. ದಕ್ಷಿಣದವರು ಸಬ್ಬಕ್ಕಿ ಎನ್ನುವ ಸಾಬೂದಾಣಿಯನ್ನು ಮೂಲದಲ್ಲಿ ಮಾಡುತ್ತಿದ್ದುದು ಮಲಯಾ ಕಡೆಯ ಸಾಗೊ ತಾಳೆಯ ತಿರುಳಿನಿಂದ. ಎರಡನೆಯ ಮಹಾಯುದ್ಧದಲ್ಲಿ ಹಡಗು ನಿಂತಾಗ 1940ರ ದಶಕದಲ್ಲಿ ತಮಿಳುನಾಡಿನ ಸೇಲಂ ಸೀಮೆಯಲ್ಲಿ ಮರಗೆಣಸಿನ ಹಿಟ್ಟಿನಿಂದ ಅದನ್ನು ಮಾಡತೊಡಗಿದರು. ಇಂದು ನಮ್ಮ ಅಂಗಡಿಗಳಲ್ಲಿ ಸಿಗುವುದು ಆ ಮರಗೆಣಸಿನದೇ. ಮರಗೆಣಸು ಅಮೆರಿಕ ಖಂಡದ ಬೆಳೆ. ಬಟಾಟೆಯೂ ಅಲ್ಲಿಯದು, ಶೇಂಗಾ ಅಲ್ಲಿಯದು, ಹಸಿಮೆಣಸಿನಕಾಯಿಯೂ ಅಲ್ಲಿಯದು. ಪೋರ್ಚುಗೀಸರು ಬರುವ ಮುಂಚೆ ಈ ದೇಶದಲ್ಲಿ ಇವು ಯಾವುವೂ ಇರಲಿಲ್ಲ. ಆ ಬಾಣಲೆಯಲ್ಲಿ ಹಳೆಯ ಕಾಲದವು ಎಂದರೆ ತುಪ್ಪ, ಜೀರಿಗೆ, ಉಪ್ಪು. ಏಕಾದಶಿಗೆ ಧಾನ್ಯ ಬೇಡವೆಂದು ಬರೆದಿಟ್ಟವರು ತಮಗೆ ಗೊತ್ತಿದ್ದ ಹೊಟ್ಟೆ ತುಂಬಿಸುವ ಪದಾರ್ಥಗಳನ್ನೆಲ್ಲ ಮುಚ್ಚಿದ್ದರು. ಗೊತ್ತಿಲ್ಲದವು ಹಡಗು ಹತ್ತಿ ಬಂದವು. ನಿಯಮಕ್ಕೆ ಅವುಗಳ ಹೆಸರೇ ತಿಳಿದಿರಲಿಲ್ಲ.

ಆಳಂದಿಯಿಂದ ಪಂಢರಪುರಕ್ಕೆ ಮೂರು ವಾರ ಬಿಸಿಲು ಮಳೆಯಲ್ಲಿ ನಡೆಯುವ ವಾರಕರಿಗೆ ಒಂದು ಹಿಡಿ ಶೇಂಗಾ, ಒಂದು ಬೇಯಿಸಿದ ಗೆಣಸು ಸಿಕ್ಕಿದರೆ ಅದು ಚಪಲವಲ್ಲ, ಮುಂದಿನ ಊರು ಮುಟ್ಟಿಸುವ ಬಲ. ಅವರ ಉಪವಾಸವನ್ನು ನೋಡಿ ನಗುವವರು ಮೊದಲು ದಿವೇಘಾಟ ಹತ್ತಿ ಬರಲಿ. ಲಿಫ್ಟಿನಲ್ಲಿ ಮೂರನೆಯ ಮಹಡಿಗೆ ಹೋಗಿ ಕೂತು ಅದನ್ನೇ ಎರಡು ತಟ್ಟೆ ತಿನ್ನುವವರ ಸಂಗತಿ ಬೇರೆ.

ಧನಕವಡಿಯ ಈ ಹಿರಿಯರು ಹಾಗೆ ತಿನ್ನತೊಡಗಿದ್ದು ಯಾವಾಗ ಎಂದು ಅವರ ಹೆಂಡತಿಗೂ ನೆನಪಿಲ್ಲ. ಮೊದಲ ವರ್ಷ ಕಾಕು ಕಳಿಸಿದ ಡಬ್ಬಿಯನ್ನು ಬೇಡವೆನ್ನಲಾಗದೆ ತಿಂದರು. ಆಮೇಲೆ ಮನೆಯಲ್ಲೇ ಮಾಡಿಸಿದರು. ನಿರ್ಜಲ ಹೋಗಿ ಫಲಾಹಾರವಾಯಿತು, ಫಲಾಹಾರ ಹೋಗಿ ಖಿಚಡಿಯಾಯಿತು. ಐವತ್ತು ದಾಟುವ ಹೊತ್ತಿಗೆ ಇಡೀ ತಿಂಗಳಲ್ಲಿ ಅವರು ಕಾತರದಿಂದ ಕಾಯುತ್ತಿದ್ದ ಎರಡು ದಿನಗಳೆಂದರೆ ಉಪವಾಸದ ದಿನಗಳು. ಮೈಯಲ್ಲಿ ಬೊಜ್ಜಿರಲಿಲ್ಲವಾದ್ದರಿಂದ ಯಾರೂ ಏನೂ ಅನ್ನಲಿಲ್ಲ. ಕಡ್ಡಿಯಂಥ ಕೈಕಾಲು, ಅಂಗಿಯೊಳಗೆ ಮುಚ್ಚಿಹೋಗುವಷ್ಟು ಹೊಟ್ಟೆ.

ಆ ಕಡ್ಡಿಯಂಥ ಮೈ ಹೇಗೆ ಮೋಸ ಮಾಡುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವರೂ ಪುಣೆಯವರೇ. ಇಲ್ಲಿಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ ಮತ್ತು ಸಂಗಡಿಗರು 1993ರಲ್ಲಿ ಪುಣೆಯ ಸುತ್ತಲಿನ ಆರು ಹಳ್ಳಿಗಳಲ್ಲಿ ತಾಯಂದಿರ ಪೋಷಣೆಯ ಅಧ್ಯಯನ ಶುರು ಮಾಡಿದರು. ಇಲ್ಲಿಯ ಕೂಸುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಕೂಸುಗಳದ್ದು 3.5 ಕಿಲೋ. ಆದರೆ ಕಡಿಮೆ ಬಿದ್ದದ್ದು ಹೆಚ್ಚಾಗಿ ಮಾಂಸಖಂಡ, ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ. 2004ರಲ್ಲಿ ಅವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬ್ರಿಟನ್ನಿನ ಸಹೋದ್ಯೋಗಿ ಜಾನ್ ಯುಡ್ಕಿನ್ ಜೊತೆ ನಿಂತ ತಮ್ಮದೇ ಫೋಟೋ ಪ್ರಕಟಿಸಿದರು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ಮೈಯಲ್ಲಿ ಶೇ. 21.2. ತಕ್ಕಡಿ ಇಬ್ಬರನ್ನೂ ಸಮ ಎಂದಿತ್ತು.

ಧನಕವಡಿಯವರ ತಕ್ಕಡಿಯೂ ಹಾಗೆಯೇ ಸುಳ್ಳು ಹೇಳುತ್ತ ಬಂದಿತ್ತು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ 7.6 ಬಂತು. 6.5 ದಾಟಿದರೆ ಮಧುಮೇಹ. ಐಸಿಎಂಆರ್ ಸಮೀಕ್ಷೆ 2023ರಲ್ಲಿ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದು ಅಂದಾಜು ಮಾಡಿತ್ತು. ಆ ಸುದ್ದಿ ಓದಿದಾಗ ಅವರು ಪುಟ ತಿರುವಿ ಮುಂದೆ ಹೋಗಿದ್ದರು.

ಅವರು ಡಾಕ್ಟರ ಮುಂದೆ ಕೂತು ದೊಡ್ಡ ಮನಸ್ಸಿನಿಂದ ಹೇಳಿದರಂತೆ: ಅವ್ವನ ಪದ್ಧತಿಗೆ ವಾಪಸು ಹೋಗುತ್ತೇನೆ, ಏಕಾದಶಿಗೆ ನೀರೂ ಕುಡಿಯುವುದಿಲ್ಲ. ಡಾಕ್ಟರು ತಲೆ ಅಲ್ಲಾಡಿಸಿದರು. ಅವರಿಗೆ ಬರೆದುಕೊಟ್ಟ ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಧಡಕ್ಕನೆ ಇಳಿದು ತಲೆ ಸುತ್ತಿ ಬೀಳಬಹುದು. ನಿರ್ಜಲ ಬೇಡ. ಪೂರ್ತಿ ಬಿಡಬೇಡಿ, ಹೊತ್ತಿಗೆ ಸರಿಯಾಗಿ ಸ್ವಲ್ಪ ಸ್ವಲ್ಪ ತಿನ್ನಿ.

ಸ್ವಲ್ಪ! ಅವರಿಗೆ ಇದಕ್ಕಿಂತ ಕಠಿಣವಾದ ವ್ರತವನ್ನು ಯಾವ ಮಠವೂ ಹೇಳಿರಲಿಲ್ಲ. ಅವ್ವನ ಉಪವಾಸದಲ್ಲಿ ಸಂಕಟವಿತ್ತು, ಆದರೆ ಲೆಕ್ಕವಿರಲಿಲ್ಲ. ಬೆಳಿಗ್ಗೆ ಒಮ್ಮೆ ‘ಇಲ್ಲ’ ಎಂದರೆ ಮರುದಿನದವರೆಗೆ ಆ ಮಾತು ತೆರೆಯುವ ಹಾಗಿಲ್ಲ. ‘ಸ್ವಲ್ಪ’ ಎಂಬುದನ್ನು ಪ್ರತಿ ತುತ್ತಿಗೂ ಹೊಸದಾಗಿ ತೀರ್ಮಾನಿಸಬೇಕು, ಮತ್ತು ತೀರ್ಮಾನಿಸುವ ಹೊತ್ತಿನಲ್ಲಿ ಬಾಯಲ್ಲಿ ಹುರಿದ ಶೇಂಗಾದ ರುಚಿ ಇರುತ್ತದೆ. ಆರೋಪಿಯನ್ನೇ ನ್ಯಾಯಾಧೀಶನ ಕುರ್ಚಿಯಲ್ಲಿ ಕೂರಿಸಿದ ಹಾಗೆ.

ಹಾಗಾಗಿ ಅವರು ಹೊತ್ತು ಎಣಿಸುವ ದಾರಿ ಹುಡುಕಿದರು. ಮಹಾರಾಷ್ಟ್ರದಲ್ಲಿ ಡಾ. ಜಗನ್ನಾಥ ದೀಕ್ಷಿತರ ಆಹಾರ ಪದ್ಧತಿ ಮನೆಮಾತು. ನಾಗಪುರ ಕಡೆಯ ಡಾ. ಶ್ರೀಕಾಂತ ಜಿಚಕಾರರ ವಿಚಾರದಿಂದ ಬೆಳೆದದ್ದು. ನಿಜವಾಗಿ ಹಸಿವಾಗುವ ಎರಡು ಹೊತ್ತು ಗುರುತಿಸಿಕೊಂಡು ಆಗ ಮಾತ್ರ ತಿನ್ನಬೇಕು, ಒಂದೊಂದು ಊಟ 55 ನಿಮಿಷದೊಳಗೆ ಮುಗಿಯಬೇಕು, ದಿನಕ್ಕೆ 45 ನಿಮಿಷದಲ್ಲಿ ನಾಲ್ಕೂವರೆ ಕಿಲೋಮೀಟರು ನಡೆಯಬೇಕು. ಮಾತ್ರೆ ನುಂಗುವವರು ಡಾಕ್ಟರನ್ನು ಕೇಳಿಯೇ ಇದಕ್ಕೆ ಕೈ ಹಾಕಬೇಕು. ಇವರು ಕೇಳಲಿಲ್ಲ. ಹೊತ್ತು ಎರಡೇ ಆಯಿತು. ಆದರೆ ಆ 55 ನಿಮಿಷದಲ್ಲಿ ಹಿಂದೆ ದಿನವಿಡೀ ತಿನ್ನುತ್ತಿದ್ದದ್ದೆಲ್ಲ ತಟ್ಟೆಗೆ ಬಂತು. ಐವತ್ತನೆಯ ನಿಮಿಷಕ್ಕೆ ಗಡಿಯಾರ ನೋಡಿ ‘ಇನ್ನೂ ಐದು ನಿಮಿಷ ಅದ’ ಎಂದು ಒಂದು ಲಾಡು ಎತ್ತಿಕೊಂಡದ್ದನ್ನು ಹೆಂಡತಿ ಇಂದಿಗೂ ನೆಂಟರ ಮುಂದೆ ಅಭಿನಯಿಸಿ ತೋರಿಸುತ್ತಾರೆ. ಯೋಗಿ, ಭೋಗಿ, ರೋಗಿ ಎಂದು ಹೊತ್ತು ಎಣಿಸುವ ಕನ್ನಡದ ಗಾದೆಯೂ ಬಟ್ಟಲು ಎಷ್ಟು ದೊಡ್ಡದು ಎಂದು ಕೇಳುವುದಿಲ್ಲ.

ಈ ಜಗ್ಗಾಟದಲ್ಲಿ ಸೋತವರಿಗೆ ದೊಡ್ಡ ಸಂಗಾತಿಯೊಬ್ಬರಿದ್ದಾರೆ. 1930ರಲ್ಲಿ ಇದೇ ಪುಣೆಯ ಯರವಡಾ ಜೈಲಿನಿಂದ ಗಾಂಧೀಜಿ ಸಾಬರಮತಿ ಆಶ್ರಮದವರಿಗೆ ವಾರವಾರವೂ ವ್ರತಗಳ ಬಗ್ಗೆ ಪತ್ರ ಬರೆದರು. ಅವುಗಳಲ್ಲಿ ಒಂದು ಅಸ್ವಾದ, ಅಂದರೆ ಊಟವನ್ನು ಔಷಧಿಯಂತೆ, ರುಚಿಗಾಗಿ ಅಲ್ಲದೆ ದೇಹಕ್ಕಾಗಿ ತೆಗೆದುಕೊಳ್ಳುವುದು. ಹೀಗೆ ಬರೆದವರು ಅದಕ್ಕಿಂತ ಹತ್ತು ಹನ್ನೆರಡು ವರ್ಷ ಮುಂಚೆ ಖೇಡಾದಲ್ಲಿ ಸೈನ್ಯಕ್ಕೆ ಜನ ಸೇರಿಸಲು ಓಡಾಡಿ ಹಾಸಿಗೆ ಹಿಡಿದಿದ್ದರು. ಹಾಲು ಕುಡಿಯದ ಹೊರತು ಚೇತರಿಕೆಯಿಲ್ಲ ಎಂದರು ಡಾ. ದಲಾಲ್. ಆದರೆ ಹಾಲು ಬಿಡುವ ವ್ರತವಿತ್ತು. ಆಗ ಪಕ್ಕದಲ್ಲಿದ್ದ ಕಸ್ತೂರಬಾ, ಹಾಗಿದ್ದರೆ ಆಡಿನ ಹಾಲಿಗೆ ಅಡ್ಡಿಯಿಲ್ಲವಲ್ಲ ಎಂದರು. ವ್ರತ ತೊಟ್ಟಾಗ ಅವರ ಮನಸ್ಸಿನಲ್ಲಿದ್ದದ್ದು ಹಸು ಎಮ್ಮೆ ಮಾತ್ರ. ಗಾಂಧೀಜಿ ಒಪ್ಪಿದರು, ಬದುಕಿದರು. ವ್ರತದ ಅಕ್ಷರ ಉಳಿಸಿಕೊಂಡು ಆತ್ಮ ಬಿಟ್ಟೆನೆಂಬ ಕೊರಗನ್ನು ಆತ್ಮಕಥೆಯಲ್ಲಿ ಬರೆದುಕೊಂಡರು, ಮತ್ತು ಆಡಿನ ಹಾಲು ಕುಡಿಯುವುದನ್ನು ಮುಂದುವರಿಸಿದರು. ಕಸ್ತೂರಬಾ ಅಂದಿನ ಭಾಷೆಯಲ್ಲಿ ಹೇಳಿದ್ದೂ ಅದೇ ಮಾತು, ಉಪವಾಸಕ್ಕೆ ನಡೆಯುತ್ತದೆ. ಆ ಕಂಡಿ ತೆರೆದದ್ದು ಒಂದು ಜೀವ ಉಳಿಸಲು ಎಂಬುದಷ್ಟೇ ವ್ಯತ್ಯಾಸ.

ಕಸ್ತೂರಬಾ ಕೆಲಸವನ್ನು ಧನಕವಡಿಯಲ್ಲಿ ವಹಿಸಿಕೊಂಡವರು ಅವರ ಹೆಂಡತಿ, ಆದರೆ ಉಲ್ಟಾ. ಡಾಕ್ಟರು ಅನ್ನ ಕಡಿಮೆ ಮಾಡಿ ಎಂದರು, ಸಾಬೂದಾಣಿ ಎನ್ನಲಿಲ್ಲ ಎಂದು ಇವರು ವಾದಕ್ಕೆ ನಿಂತಾಗ ಆಕೆ ಒಗ್ಗರಣೆಯ ಚಮಚ ಕೆಳಗಿಟ್ಟು ಕೇಳಿದರು: ‘ಏಕಾದಶಿ ದಿನ ಸಕ್ಕರಿ ಜಡ್ಡೂ ಉಪವಾಸ ಇರ್ತದೇನ್ರಿ?’ 100 ಗ್ರಾಂ ಸಾಬೂದಾಣಿಯಲ್ಲಿ 87, 88 ಗ್ರಾಂ ಬರೀ ಪಿಷ್ಟ, ಪ್ರೋಟೀನು ಇಲ್ಲವೆಂದರೂ ಸರಿ. ಆಕೆಗೆ ಆ ಅಂಕಿ ಬೇಕಿರಲಿಲ್ಲ. ಸಾಬೂದಾಣಿಯನ್ನು ಅರ್ಧಕ್ಕಿಳಿಸಿ ಶೇಂಗಾ ಪುಡಿ, ಸೌತೆಕಾಯಿ ಹೆಚ್ಚಿಸಿದರು. ಇಬ್ಬರಿಗೆ ಎರಡು ಸಣ್ಣ ಬಟ್ಟಲಿಗಾಗುವಷ್ಟೇ ನೆನೆಹಾಕತೊಡಗಿದರು. ಬಾಣಲೆಯಲ್ಲಿ ಮಿಕ್ಕದ್ದು ಇಲ್ಲ ಎಂದಾದ ಮೇಲೆ ‘ಇನ್ನೊಂದು ಸ್ವಲ್ಪ’ ಎನ್ನಲು ಅವಕಾಶವೇ ಇಲ್ಲವಾಯಿತು. ಅವ್ವನ ಮುಚ್ಚಿದ ಅಡುಗೆಮನೆ ಬಾಗಿಲಿನ ಚಿಕ್ಕ ರೂಪ ಅದು.

ಹೊರಗಿನದು ಕಷ್ಟ. ಬೆಳಿಗ್ಗೆ ತಳಜಾಯಿ ಗುಡ್ಡ ಹತ್ತಿ ಇಳಿದರೆ ಗಾಳಿಯಲ್ಲಿ ಕರಿಬೇವಿನ ಒಗ್ಗರಣೆ. ನಡೆದ ಪುಣ್ಯಕ್ಕೆ ಒಂದು ವಡಾಪಾವ್ ಎಂಬ ಲೆಕ್ಕ ಅಲ್ಲಿ ಬಹಳ ಜನರದ್ದು. ಇವರು ಕಿಸೆಯಲ್ಲಿ ದುಡ್ಡು ಇಟ್ಟುಕೊಳ್ಳದೆ ಹೋಗತೊಡಗಿದರು. ಫೋನಿನಲ್ಲೇ ದುಡ್ಡಿರುವ ಕಾಲ ಬಂದ ಮೇಲೆ ಫೋನನ್ನೂ ಮನೆಯಲ್ಲಿ ಬಿಟ್ಟರು. ಒಂದು ದಿನ ಗೆಳೆಯರೊಬ್ಬರು ತಾವೇ ಕೊಡಿಸಿದರು, ತಿಂದರು. ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ 7.1, ಅದರ ಮುಂದಿನದರಲ್ಲಿ 6.9, ದೀಪಾವಳಿ ಕಳೆದ ಮೇಲೆ ಮತ್ತೆ 7.2. ಡಾಕ್ಟರು ಬೈಯಲಿಲ್ಲ, ಪಾದ ತೋರಿಸಿ ಎಂದರು.

ಈ ಸಲದ ಆಷಾಢ ಏಕಾದಶಿಗೆ ಕಾಕು ಎಂದಿನಂತೆ ಡಬ್ಬಿ ಕಳಿಸಿದರು, ಆರು ಸಾಬೂದಾಣಿ ವಡೆ, ಮೇಲೆ ಮೊಸರು ಚಟ್ನಿ. ‘ಕಾಕಾ, ಉಪವಾಸಾಲಾ ಚಾಲತಂ’ ಎಂದು ಬಾಗಿಲಲ್ಲೇ ಮೊಮ್ಮಗಳ ಕೈಲಿ ಹೇಳಿಕಳಿಸಿದ್ದರು. ನಾಲ್ಕು ವಡೆ ಕೆಳಗಿನ ವಾಚಮನ್ನನಿಗೆ ಹೋದವು, ಒಂದು ಹೆಂಡತಿಗೆ. ಉಳಿದ ಒಂದನ್ನು ಇವರು ಕಿಟಕಿಯ ಹತ್ತಿರ ಕೂತು ಸಾವಕಾಶವಾಗಿ ತಿಂದರು. ಖಾಲಿ ಡಬ್ಬಿ ವಾಪಸು ಕೊಡಬಾರದು ಎಂಬುದು ವಿಜಯಪುರದ ಪದ್ಧತಿ. ದ್ವಾದಶಿಯ ಬೆಳಿಗ್ಗೆ ಅದರ ತುಂಬ ಹಚ್ಚಿದ ಅವಲಕ್ಕಿ ಹೋಯಿತು.