ಕೊರಳಿಗೂ ಬೇಕು ಸಸಿಮಡಿ

ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ. ತೇರು ಎಳೆದ ಮರುದಿನದ ರಾತ್ರಿ. ಎರಡು ಟ್ರ್ಯಾಕ್ಟರ್ ಟ್ರಾಲಿಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿ ಕಟ್ಟಿದ ವೇದಿಕೆ. ಎರಡೂ ಬದಿಗೆ ಆಳೆತ್ತರದ ಸ್ಪೀಕರುಗಳು. ಹಿಂದಿನ ಪರದೆಯ ಮೇಲೆ ‘ಭರ್ಜರಿ ರಸಮಂಜರಿ ಕಾರ್ಯಕ್ರಮ’ ಎಂಬ ದಪ್ಪ ಅಕ್ಷರ. ಹದಿನೇಳು ವರ್ಷದ ಹುಡುಗನೊಬ್ಬ ಹತ್ತು ಗಂಟೆಗೆ ಮೈಕು ಹಿಡಿದವನು ನಡುರಾತ್ರಿ ಎರಡರವರೆಗೆ ಬಿಡಲಿಲ್ಲ. ಸಿನಿಮಾ ಹಾಡು, ಜಾನಪದ ಹಾಡು, ನಡುನಡುವೆ ನಟರ ದನಿಯ ಅನುಕರಣೆ, ಹಾಡುತ್ತಲೇ ಕುಣಿತ. ಜನ ಸಿಳ್ಳೆ ಹಾಕಿದರು. ಊರಿನ ಹಿರಿಯರು ವೇದಿಕೆ ಹತ್ತಿ ಅವನ ಅಂಗಿಗೆ ಹತ್ತರ, ಐವತ್ತರ ನೋಟು ಸಿಕ್ಕಿಸಿದರು. ಟ್ರಾಲಿಯ ಮಗ್ಗುಲಲ್ಲಿ ಟವೆಲು ಹೊದ್ದು ನಿಂತಿದ್ದ ಅಪ್ಪನ ಕಣ್ಣು ತುಂಬಿ ಬಂದಿತ್ತು.

ಬೆಳಿಗ್ಗೆ ಹುಡುಗ ಎದ್ದಾಗ ದನಿ ಇರಲಿಲ್ಲ. ‘ಯಪ್ಪಾ’ ಎಂದು ಕರೆದರೆ ಬರೀ ಗಾಳಿ ಹೊರಟಿತು.

ಹೀಗಾಗುವುದು ಅವನಿಗೆ ಹೊಸದೇನಲ್ಲ. ಕಳೆದ ಎರಡು ವರ್ಷಗಳಿಂದ ಜಾತ್ರೆಯ ಕಾಲ ಬಂತೆಂದರೆ ಹೀಗೇ ದನಿ ಕಟ್ಟುತ್ತಿತ್ತು. ಕಷಾಯ ಕುಡಿದು, ಕಲ್ಲುಸಕ್ಕರೆ ಚೀಪಿದರೆ ಮೂರು ದಿನಕ್ಕೆ ಸರಿಹೋಗುತ್ತಿತ್ತು. ಈ ಸಲ ಮೂರು ವಾರವಾದರೂ ಸರಿಹೋಗಲಿಲ್ಲ. ಅಷ್ಟರಲ್ಲಿ ಇನ್ನೊಂದು ಗಂಟೂ ಇತ್ತು. ಟಿ.ವಿ. ಸ್ಪರ್ಧೆಯೊಂದರಲ್ಲಿ ಅವಕಾಶ ಕೊಡಿಸುತ್ತೇನೆಂದು ಬೆಂಗಳೂರಿನಿಂದ ಫೋನು ಮಾಡಿದ ಯಾರೋ ಒಬ್ಬ ಅರವತ್ತು ಸಾವಿರ ರೂಪಾಯಿ ಕೇಳಿದ್ದ. ಕಾಲುವೆಯ ಕೊನೆ ಭಾಗದಲ್ಲಿ ಎರಡು ಎಕರೆ ಭತ್ತ ಬೆಳೆಯುವ ಅಪ್ಪ ಅದಕ್ಕೂ ತಯಾರಾಗಿದ್ದ. ದನಿ ಹೋದದ್ದರಿಂದ ದುಡ್ಡು ಉಳಿಯಿತು. ಆದರೆ ದನಿ?

ರಾಯಚೂರಿನ ಕಿವಿ, ಮೂಗು, ಗಂಟಲಿನ ವೈದ್ಯರು ಸಣ್ಣ ಕೊಳವೆಯೊಂದನ್ನು ಇಳಿಬಿಟ್ಟು ನೋಡಿದರು. ‘ತಮ್ಮಾ, ಧ್ವನಿತಂತುವಿನ ಮ್ಯಾಲ ಸಣ್ಣ ಗಂಟು ಆಗ್ಯಾವ. ಒಂದು ತಿಂಗಳು ಹಾಡು ಬಂದ್. ಆಮೇಲೆ ಹಾಡಬೇಕಂದ್ರ ಕಲತು ಹಾಡು’ ಎಂದರು. ಅಪ್ಪನಿಗೆ ಕೊನೆಯ ಮಾತು ಅರ್ಥವಾಗಲಿಲ್ಲ. ‘ದ್ಯಾವರು ಕೊಟ್ಟ ಕಂಠ ಐತ್ರಿ. ಕಲಿಯೋದೇನೈತಿ ಅದರಾಗ?’

ಇದು ಆ ಒಬ್ಬ ತಂದೆಯ ಪ್ರಶ್ನೆಯಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಸಾವಿರಾರು ಮನೆಗಳ ಪ್ರಶ್ನೆ. ಮಗ ಡಾಕ್ಟರಾಗಬೇಕೆಂದರೆ ಎಷ್ಟು ವರ್ಷ ಓದಬೇಕು ಎಂಬುದು ಎಲ್ಲರಿಗೂ ಗೊತ್ತು. ಟ್ರ್ಯಾಕ್ಟರ್ ರಿಪೇರಿ ಕಲಿಯಲೂ ಗ್ಯಾರೇಜಿನಲ್ಲಿ ನಾಲ್ಕು ವರ್ಷ ದುಡಿಯಬೇಕೆಂದು ಗೊತ್ತು. ಹಾಡಲು, ಕುಣಿಯಲು, ನಟಿಸಲು ಮಾತ್ರ ಕಲಿಕೆ ಬೇಕಿಲ್ಲ, ಅದು ಹುಟ್ಟಿನಿಂದ ಬರಬೇಕು ಎಂಬ ನಂಬಿಕೆ. ಈ ನಂಬಿಕೆಯಿಂದ ಎರಡು ಕೆಡುಕು. ಪ್ರತಿಭೆ ಇದ್ದವನು ಕಲಿಯುವುದಿಲ್ಲ. ಕಲಿತರೆ ಬರುತ್ತಿದ್ದವನು ತನಗೆ ಪ್ರತಿಭೆಯೇ ಇಲ್ಲವೆಂದು ಸುಮ್ಮನಾಗುತ್ತಾನೆ.

ಗಂಟಲು ಎಂಬುದು ಒಂದು ಅಂಗ. ಅದಕ್ಕೂ ನಿಯಮಗಳಿವೆ. ಎಂಟನೆಯ ತರಗತಿಯ ವಿಜ್ಞಾನ ಓದುವ ಮಕ್ಕಳಿಗೆ ಇದು ಗೊತ್ತಿರುತ್ತದೆ: ಧ್ವನಿಪೆಟ್ಟಿಗೆಯಲ್ಲಿ ಎರಡು ಧ್ವನಿತಂತುಗಳಿವೆ. ಶ್ವಾಸಕೋಶದಿಂದ ಬರುವ ಗಾಳಿ ಅವುಗಳ ನಡುವೆ ನುಗ್ಗಿದಾಗ ಅವು ಒಂದಕ್ಕೊಂದು ಬಡಿದು ಕಂಪಿಸುತ್ತವೆ. ಗಂಡಸು ಮಾತನಾಡುವಾಗ ಸೆಕೆಂಡಿಗೆ ಸುಮಾರು 100ರಿಂದ 150 ಸಲ, ಹೆಂಗಸು ಮಾತನಾಡುವಾಗ ಸುಮಾರು 200 ಸಲ. ಕಡಿಮೆಯೆಂದರೂ 100 ಎಂದು ಹಿಡಿದರೆ ಒಂದು ತಾಸಿಗೆ 3,60,000 ಬಡಿತಗಳಾದವು. ಸ್ವರ ಏರಿದಷ್ಟೂ ಸಂಖ್ಯೆ ಏರುತ್ತದೆ; ಅದೇ ಸ್ವರವನ್ನು ಮೇಲಿನ ಸಪ್ತಕದಲ್ಲಿ ಹಾಡಿದರೆ ಬಡಿತ ಸರಿಯಾಗಿ ಎರಡು ಪಟ್ಟು. ನಾಲ್ಕು ತಾಸು, ಅದೂ ರಾತ್ರಿಯ ತಂಪಿನಲ್ಲಿ, ದೂಳಿನ ಬಯಲಿನಲ್ಲಿ, ಗುಟುಕು ನೀರೂ ಇಲ್ಲದೆ ಕಿರುಚಿದರೆ ಆ ಎಳೆಯ ತಂತುಗಳ ಗತಿ ಏನಾಗಬೇಕು? ಸಲಿಕೆ ಹಿಡಿದ ಅಂಗೈ ಹೇಗೆ ಜಡ್ಡುಗಟ್ಟುತ್ತದೋ ಹಾಗೆಯೇ ತಂತುಗಳ ಮೇಲೆ ಗಂಟು ಕಟ್ಟುತ್ತದೆ.

ಸಾಲದ್ದಕ್ಕೆ ಸ್ಪೀಕರುಗಳ ಅಬ್ಬರ. ಸುತ್ತ ಗದ್ದಲವಿದ್ದಾಗ ಮನುಷ್ಯ ತನಗೆ ಅರಿವಿಲ್ಲದೆಯೇ ದನಿ ಏರಿಸುತ್ತಾನೆ. ಫ್ರಾನ್ಸಿನ ಲೊಂಬಾರ್ ಎಂಬ ವೈದ್ಯ ಇದನ್ನು 1911ರಲ್ಲೇ ಗುರುತಿಸಿದ್ದ. ತನ್ನ ದನಿ ತನಗೇ ಕೇಳದ ಹುಡುಗ ಇನ್ನಷ್ಟು, ಮತ್ತಷ್ಟು ಎಂದು ಕೊರಳು ಹರಿದುಕೊಳ್ಳುತ್ತಾನೆ. ತರಬೇತಿ ಪಡೆದ ಗಾಯಕ ಕೊರಳಿನಿಂದ ತಳ್ಳುವುದಿಲ್ಲ. ಎದೆ ಮತ್ತು ಹೊಟ್ಟೆಯ ನಡುವಿನ ವಪೆಯನ್ನು ಹಿಡಿತದಲ್ಲಿಟ್ಟುಕೊಂಡು ಗಾಳಿಯನ್ನು ಲೆಕ್ಕ ಹಾಕಿ ಬಿಡುತ್ತಾನೆ. ತನ್ನ ಶ್ರುತಿ ಯಾವುದು, ಎಲ್ಲಿಗೆ ನಿಲ್ಲಿಸಬೇಕು ಎಂಬುದು ಅವನಿಗೆ ಗೊತ್ತು. ಇನ್ನು ಹನ್ನೆರಡರಿಂದ ಹದಿನೈದರ ಆಸುಪಾಸಿನಲ್ಲಿ ಹುಡುಗರ ದನಿ ಒಡೆಯುತ್ತದೆ. ಆ ಕಾಲದಲ್ಲಿ ಎತ್ತರದ ಹಾಡುಗಳನ್ನು ಒತ್ತಾಯದಿಂದ ಹಾಡಿಸಬಾರದು. ‘ಪ್ರತಿಭಾ ಕಾರಂಜಿ’ಗೆ ಮಕ್ಕಳನ್ನು ಅಣಿಗೊಳಿಸುವವರು ಮತ್ತು ಪಾಲಕರು ಇದನ್ನು ಮುಖ್ಯವಾಗಿ ನೆನಪಿಡಬೇಕು.

ಹಾಗಾದರೆ ಹಿಂದಿನವರು ಎಲ್ಲಿ ಕಲಿತರು ಎಂದು ಯಾರಾದರೂ ಕೇಳಬಹುದು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಟೆಂಟು ಹಾಕುತ್ತಿದ್ದ ವೃತ್ತಿ ನಾಟಕ ಕಂಪನಿಗಳೇ ಆಗಿನ ಶಾಲೆಗಳು. ಅಲ್ಲಿ ಪೆಟಿಗೆ ಮಾಸ್ತರರಿದ್ದರು. ಪಾತ್ರ ಸಿಗುವ ಮುನ್ನ ಹುಡುಗ ಪರದೆ ಎಳೆಯಬೇಕಿತ್ತು, ಕೋರಸ್ ಹಾಡಬೇಕಿತ್ತು, ಇಡೀ ನಾಟಕದ ಮಾತು ಬಾಯಿಪಾಠ ಮಾಡಬೇಕಿತ್ತು. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯಲ್ಲಿ ಎಳೆವಯಸ್ಸಿಗೇ ಸೇರಿ ಬೆಳೆದವರು ವೀರಣ್ಣ. ಮನೆ ಬಿಟ್ಟು ಓಡಿಬಂದ ಬಿ.ವಿ. ಕಾರಂತ ಎಂಬ ಹುಡುಗನಿಗೆ ಆಸರೆ ಕೊಟ್ಟದ್ದೂ ಅದೇ ಕಂಪನಿ. ವೀರಣ್ಣ ಆ ಹುಡುಗನನ್ನು ರಂಗದ ಮೇಲೆ ಕುಣಿಸಿ ಕೈಬಿಡಲಿಲ್ಲ. ಓದಲೆಂದು ಕಾಶಿಗೆ ಕಳಿಸಿದರು. ಕಾರಂತರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತರು, 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿ ನಿಲ್ಲಿಸಿದರು. ಓಡಿಬಂದ ಹುಡುಗನ ಕಥೆಯನ್ನು ಹೇಳುವವರು ಅವನು ಓದಿದ ಕಥೆಯನ್ನೂ ಹೇಳಬೇಕು.

ಮಲ್ಲಿಕಾರ್ಜುನ ಮನ್ಸೂರರ ಉದಾಹರಣೆ ಇನ್ನೂ ಹತ್ತಿರದ್ದು. ಬಾಲನಟನಾಗಿ ನಾಟಕ ಕಂಪನಿಯಲ್ಲಿ ಚಪ್ಪಾಳೆ ಗಿಟ್ಟಿಸುತ್ತಿದ್ದ ಹುಡುಗ ಅವರು. ಅವರ ಹಾಡು ಕೇಳಿದ ನೀಲಕಂಠಬುವಾ ಅವರು ಮೆಚ್ಚಿ ಬೆನ್ನು ತಟ್ಟಿ ಹೊರಟುಹೋಗಲಿಲ್ಲ. ಮಿರಜಿಗೆ ಕರೆದೊಯ್ದು ಕಲಿಸಿದರು. ಅದು ಸಾಲದೆಂಬಂತೆ ಮನ್ಸೂರರು ಮುಂದೆ ಮಂಜಿಖಾನ್, ಬುರ್ಜಿಖಾನ್ ಅವರಲ್ಲಿ ಮತ್ತೆ ಶಿಷ್ಯರಾದರು. ಗದಗಿನ ಭೀಮಸೇನ ಜೋಶಿ 1933ರಲ್ಲಿ ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟದ್ದು ವೇದಿಕೆ ಹುಡುಕಿಕೊಂಡಲ್ಲ, ಗುರುವನ್ನು ಹುಡುಕಿಕೊಂಡು. ಊರೂರು ಅಲೆದ ಅವರಿಗೆ ಕೊನೆಗೆ ಗುರು ಸಿಕ್ಕಿದ್ದು ಗದಗಿಗೆ ಸಮೀಪದ ಕುಂದಗೋಳದಲ್ಲಿ, ಸವಾಯಿ ಗಂಧರ್ವರ ಮನೆಯಲ್ಲಿ.

ಈಗ ಕಂಪನಿಗಳು ಕಡಿಮೆಯಾಗಿವೆ. ಕೆಲವು ಜಾತ್ರೆಗಳಲ್ಲಿ ಇಂದಿಗೂ ಟೆಂಟು ಏಳುತ್ತದೆಯಾದರೂ ಹುಡುಗರನ್ನು ವರ್ಷಗಟ್ಟಲೆ ಇಟ್ಟುಕೊಂಡು ತಿದ್ದುವ ಶಕ್ತಿ ಅವಕ್ಕೆ ಉಳಿದಿಲ್ಲ. ಊರಿನ ಬಯಲಾಟಕ್ಕೆ ತಿಂಗಳುಗಟ್ಟಲೆ ತಾಲೀಮು ಕೊಡುತ್ತಿದ್ದ ಮಾಸ್ತರರೂ ವಿರಳ. ಶಾಲೆ ಮುಚ್ಚಿತು, ಪರೀಕ್ಷೆ ಮಾತ್ರ ಉಳಿಯಿತು ಎಂಬಂತಾಗಿದೆ ಪರಿಸ್ಥಿತಿ. ರಸಮಂಜರಿ, ಟಿ.ವಿ. ಸ್ಪರ್ಧೆ, ಮೊಬೈಲಿನ ಅರ್ಧ ನಿಮಿಷದ ವಿಡಿಯೊ ಎಲ್ಲವೂ ಪರೀಕ್ಷೆಗಳೇ. ಪಾಠ ಹೇಳುವವರು ಯಾರು?

ಪಾಠದ ಜಾಗಗಳು ಇಲ್ಲವೆಂದಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಲ್ಯಾಣ ಕರ್ನಾಟಕದವರಿಗೆ ಪರಿಚಯಿಸಬೇಕಾಗಿಲ್ಲ. ಪಂಚಾಕ್ಷರಿ ಗವಾಯಿಗಳು ಹಾಗೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಸ್ವತಃ ಅಂಧರಾಗಿದ್ದು, ಅಂಧ ಮತ್ತು ಬಡ ಮಕ್ಕಳಿಗೆ ಊಟ, ವಸತಿ ಕೊಟ್ಟು ಸಂಗೀತ ಕಲಿಸಿದ ತಾಣ ಅದು. ನಾಟಕಕ್ಕೆ ಬಂದರೆ, ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಹಳ್ಳಿಯಲ್ಲೇ ಇದ್ದು ಕಲಿಯುವ ಈ ಶಾಲೆಯಿಂದ ಬಂದ ಅನೇಕರು ರಂಗಭೂಮಿಯಲ್ಲೂ ಸಿನಿಮಾದಲ್ಲೂ ಹೆಸರು ಮಾಡಿದ್ದಾರೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲೂ ರಂಗಶಾಲೆಯಿದೆ. ಕಲಬುರಗಿಗೆ ರಂಗಾಯಣ ಬಂದಿದೆ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯವೂ, ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೂ ಇವೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಮೂರು ವರ್ಷಗಳ ಶಿಕ್ಷಣಕ್ಕೆ ಪದವಿ ಬೇಕೇಬೇಕು. ಹಾಡುವ ಹುಚ್ಚಿಗೆ ಪಿಯುಸಿ ಬಿಟ್ಟ ಹುಡುಗನಿಗೆ ಆ ಬಾಗಿಲು ತಾನಾಗಿ ಮುಚ್ಚಿಹೋಗುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಪಾಲಕರಿಗೂ ಒಂದು ಮಾತು. ತರಬೇತಿ ಪಡೆದ ಮಾತ್ರಕ್ಕೆ ಹೊಟ್ಟೆ ತುಂಬುತ್ತದೆ ಎಂದು ಯಾರೂ ಬರೆದುಕೊಡಲಾರರು. ಕಲೆಯ ದುಡಿಮೆ ಕಾಲುವೆಯ ಕೊನೆ ಭಾಗದ ನೀರಿನಂತೆ, ಬಂದರೆ ಬಂತು. ಅದಕ್ಕೆಂದೇ ಶಾಲೆ, ಕಾಲೇಜಿನ ಓದು ಬಿಡಬಾರದು. ಆದರೆ ಶಾಸ್ತ್ರ ಕಲಿತವನಿಗೆ ವೇದಿಕೆಯೊಂದೇ ದಾರಿಯಲ್ಲ. ಮಕ್ಕಳಿಗೆ ಕಲಿಸಬಹುದು, ವಾದ್ಯ ನುಡಿಸಬಹುದು, ರಾಗ ಸಂಯೋಜಿಸಬಹುದು, ನಾಟಕ ಆಡಿಸಬಹುದು. ದನಿ ಸೋತ ದಿನವೂ ಅವನ ವಿದ್ಯೆ ಸೋಲುವುದಿಲ್ಲ. ಬರೀ ಅನುಕರಣೆ ಗೊತ್ತಿದ್ದವನ ಗತಿ ಹಾಗಲ್ಲ. ಯಾರ ದನಿಯನ್ನು ಅನುಕರಿಸುತ್ತಾನೋ ಆ ನಟನನ್ನು ಜನ ಮರೆತರೆ ಇವನನ್ನೂ ಮರೆತರು. ನಗಿಸುವ ಕಲೆಗೂ ಇದೇ ಮಾತು. ಪಕ್ಕದ ಗಂಗಾವತಿಯ ಪ್ರಾಣೇಶ್ ಅವರನ್ನು ‘ಅಭಿನವ ಬೀಚಿ’ ಎಂದು ಜನ ಕರೆಯುವುದು ಅವರು ಬೀಚಿಯವರ ಸಾಹಿತ್ಯವನ್ನು ಓದಿ ಅರಗಿಸಿಕೊಂಡಿದ್ದರಿಂದ. ಓದೂ ಒಂದು ತಾಲೀಮೇ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನ ಸಿಗುತ್ತದೆಂದು ಮಕ್ಕಳೆಲ್ಲ ಓದುತ್ತಾರೆ. ಆದರೆ ಅಲ್ಲಿ ಯಾರಿಗೂ ಚಿನ್ನದ ಗಟ್ಟಿ ನೆಲದಲ್ಲಿ ಬಿದ್ದು ಸಿಗುವುದಿಲ್ಲ. ನೆಲದಾಳದಿಂದ ತೆಗೆದ ಒಂದು ಟನ್ ಅದಿರನ್ನು ಒಡೆದು, ಹಿಟ್ಟು ಮಾಡಿ, ರಾಸಾಯನಿಕಗಳಲ್ಲಿ ಕರಗಿಸಿ ಸೋಸಿದರೆ ಕೈಗೆ ಬರುವುದು ಕೆಲವೇ ಗ್ರಾಂ. ಅದಿರಿನಲ್ಲಿ ಚಿನ್ನವಿದೆ ಎಂಬುದು ಎಷ್ಟು ನಿಜವೋ, ಸೋಸದಿದ್ದರೆ ಅದು ಬರೀ ಕಲ್ಲು ಎಂಬುದೂ ಅಷ್ಟೇ ನಿಜ.

ಆ ಹುಡುಗನ ಕಥೆಗೆ ಮರಳಬೇಕು. ಒಂದು ತಿಂಗಳು ಅವನು ಹಾಡಲಿಲ್ಲ. ಮಾತನ್ನೂ ಅಳೆದು ಆಡಿದ. ಆರಂಭದಲ್ಲೇ ಗುರುತಿಸಿದರೆ ಇಂಥ ಗಂಟುಗಳು ಬಹುಮಟ್ಟಿಗೆ ಕತ್ತರಿಯಿಲ್ಲದೆ, ವಿಶ್ರಾಂತಿ ಮತ್ತು ಸರಿಯಾದ ಅಭ್ಯಾಸದಿಂದಲೇ ಕರಗುತ್ತವೆ. ಆತನದೂ ಕರಗುತ್ತ ಬಂತು. ಆಮೇಲೆ ಅಪ್ಪ ಮಗನನ್ನು ಕರೆದುಕೊಂಡು ಮಸ್ಕಿಯ ಮೇಲೆ ಹಾಯ್ದು ಲಿಂಗಸುಗೂರಿಗೆ ಹೋದ. ಅಲ್ಲಿ ನಿವೃತ್ತ ಸಂಗೀತ ಮಾಸ್ತರರೊಬ್ಬರು ಮನೆಯಲ್ಲೇ ನಾಲ್ಕಾರು ಮಕ್ಕಳಿಗೆ ಹೇಳಿಕೊಡುತ್ತಾರೆ.

‘ಎಷ್ಟು ದಿನಕ್ಕ ಟಿ.ವಿ.ಯಾಗ ಹಾಡ್ತಾನ್ರಿ ಮಾಸ್ತರ?’ ಅಪ್ಪ ಕೇಳಿದ.

ಮಾಸ್ತರರು ನಕ್ಕರು. ‘ಗೌಡ್ರ, ಭತ್ತದ ಬೀಜ ಒಯ್ದು ಸೀದಾ ಗದ್ದಿಗೆ ಒಗೀತೀರೇನು? ಮೊದಲ ಮಡಿ ಮಾಡಿ ಸಸಿ ಎಬ್ಬಸಂಗಿಲ್ಲೇನು?’

‘ಈಗ ಕೂರಿಗಿಲೆ ಸೀದಾ ಬಿತ್ತತಾರಲ್ರಿ’ ಎಂದ ಅಪ್ಪ, ಸೋಲದೆ.

‘ಬಿತ್ತತಾರ. ಕಳೆ ಎಷ್ಟು ಬರ್ತೈತಿ ಹೇಳ್ರಿ?’

ಅಪ್ಪ ಸುಮ್ಮನಾದ. ಕೂರಿಗೆ ಬಿತ್ತನೆಯಲ್ಲಿ ಕೂಲಿ ಉಳಿದರೂ ಕಳೆಯ ಕಾಟ ಎಷ್ಟೆಂದು ಅವನಿಗಿಂತ ಚೆನ್ನಾಗಿ ಬಲ್ಲವರಾರು?

ಮೊದಲ ಆರು ತಿಂಗಳು ಒಂದು ಹಾಡೂ ಇಲ್ಲ. ನಸುಕಿನಲ್ಲಿ ಎದ್ದು ಕೆಳಗಿನ ‘ಸಾ’ ಹಿಡಿದು ಉಸಿರು ಇರುವಷ್ಟು ನಿಲ್ಲುವುದು, ಆಮೇಲೆ ಅಲಂಕಾರಗಳು. ರಸಮಂಜರಿಯ ಗೆಳೆಯರು ನಕ್ಕರು. ಹುಡುಗನಿಗೂ ಬೇಸರ ಬಂದು ಎರಡು ಸಲ ಬಿಟ್ಟ. ಎರಡು ಸಲವೂ ಮರಳಿದ. ನಡುವೆ ಪಿಯುಸಿ ಪಾಸಾಯಿತು. ಈಗ ಗಂಧರ್ವ ಮಹಾವಿದ್ಯಾಲಯ ಮಂಡಳದ ಮೊದಲ ಪರೀಕ್ಷೆಗೆ ಕೂಡುವ ತಯಾರಿ ನಡೆದಿದೆ. ಅವನು ಟಿ.ವಿ.ಯಲ್ಲಿ ಬಂದಿಲ್ಲ. ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ಮೊನ್ನೆಯ ಜಾತ್ರೆಯಲ್ಲಿ ಒಂದು ತಾಸು ಮಾತ್ರ ಹಾಡಿದ, ಸ್ಪೀಕರಿನ ಸದ್ದು ಇಳಿಸಿ ಎಂದು ಹೇಳಿ ಹಾಡಿದ. ಮರುದಿನ ಬೆಳಿಗ್ಗೆ ‘ಯಪ್ಪಾ’ ಎಂದು ಕರೆದದ್ದು ಓಣಿಯ ಆ ತುದಿಗೂ ಕೇಳಿಸಿತಂತೆ.

ಲಿಂಗಸುಗೂರಿಗೆ ಹೋಗುವ ಬಸ್ಸು ಮಸ್ಕಿಯಲ್ಲಿ ನಿಲ್ಲುತ್ತದೆ. ಅಲ್ಲಿನ ಬೆಟ್ಟದಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಪತ್ತೆಮಾಡಿದ ಶಾಸನದಲ್ಲಿ ಅಶೋಕನ ಹೆಸರಿದೆ ಎಂಬುದನ್ನು ಶಾಲೆಯಲ್ಲಿ ಎಲ್ಲರೂ ಓದುತ್ತಾರೆ. ಹೆಸರಿನ ಸಂಭ್ರಮದಲ್ಲಿ ಶಾಸನ ಏನು ಹೇಳುತ್ತದೆ ಎಂಬುದು ಮರೆತುಹೋಗುತ್ತದೆ. ಧರ್ಮದ ಗುರಿ ದೊಡ್ಡವರಿಗೆ ಮಾತ್ರ ದಕ್ಕುವುದೆಂದು ತಿಳಿಯಬೇಡಿ, ಧರ್ಮದಲ್ಲಿ ತೊಡಗಿಕೊಂಡರೆ ಸಣ್ಣವರಿಗೂ ಅದು ದಕ್ಕುತ್ತದೆ ಎಂಬುದು ಅದರ ಸಾರ. ಧರ್ಮದ ಬಗ್ಗೆ ಹೇಳಿದ ಮಾತು ವಿದ್ಯೆಗೂ ಸಲ್ಲುತ್ತದೆ. ವಾರಕ್ಕೆ ಎರಡು ಸಲ ಆ ಊರಿನ ಮೇಲೆ ಹಾಯ್ದು ಹೋಗುವ ಹುಡುಗ ಬಸ್ಸಿನ ಕಿಟಕಿಗೆ ತಲೆಯಾನಿಸಿ, ಯಾರಿಗೂ ಕೇಳದಂತೆ, ‘ಸಾ’ ಹಿಡಿದು ಕೂತಿರುತ್ತಾನೆ.